ಚೀಲದ ರೇಟಿಗಿಂತ ಮೊದಲು ನೋಡಬೇಕಾದ ಲೆಕ್ಕ: ಸಣ್ಣ ರೋಬಸ್ಟಾ ಕಾಫಿ ತೋಟಕ್ಕೆ

ಕೊಯ್ಲು ಶುರುವಾದರೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇವತ್ತು ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಎಷ್ಟು? ಆ ರೇಟು ನಿಮ್ಮ ಕೈಯಲ್ಲಿಲ್ಲ. ಒಂದು ಚೀಲ ಬೆಳೆಯಲು ನಿಮಗೆ ತಗಲಿದ್ದೆಷ್ಟು, ಆ ಚೀಲದೊಳಗೆ ನಿಜವಾಗಿ ಎಷ್ಟು ಕಾಫಿ ಬೀಜವಿದೆ ಎಂಬ ಎರಡು ಸಂಗತಿಗಳನ್ನು ಮಾತ್ರ ನೀವು ತಿಳಿದಿಟ್ಟುಕೊಳ್ಳಬಹುದು. ಇವೆರಡು ಗೊತ್ತಿಲ್ಲದ ಬೆಳೆಗಾರ ಒಳ್ಳೆ ರೇಟಿನ ವರ್ಷವೂ ಕಳೆದುಕೊಳ್ಳುತ್ತಾನೆ.

ಹಿಂದೆ ಈ ಲೆಕ್ಕದ ಅಗತ್ಯ ಇಷ್ಟಿರಲಿಲ್ಲ. ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನು ಒಟ್ಟುಮಾಡಿ ಬೋರ್ಡೇ ಮಾರುವ ವ್ಯವಸ್ಥೆಗೆ ಹಾಕುವುದು, ಕಂತು ಬಂದಾಗ ತೆಗೆದುಕೊಳ್ಳುವುದು, ಅಷ್ಟೇ. 1990ರ ದಶಕದಲ್ಲಿ ಆ ಪದ್ಧತಿ ಹಂತಹಂತವಾಗಿ ಸಡಿಲವಾಗಿ 1996ಕ್ಕೆ ಪೂರ್ತಿ ಮುಕ್ತ ಮಾರುಕಟ್ಟೆ ಬಂತು. ಅಲ್ಲಿಂದ ಐದು ಎಕರೆಯವನೂ ತನ್ನ ಕಾಫಿಗೆ ತಾನೇ ವ್ಯಾಪಾರಿ. 2020ರ ಆಸುಪಾಸಿನಲ್ಲಿ 50 ಕೆಜಿ ರೋಬಸ್ಟಾ ಚೆರಿ ಚೀಲ 4,000 ರೂಪಾಯಿಗೂ ಕೆಳಗಿತ್ತು. 2024ರಲ್ಲಿ 10,000ದ ಗಡಿ ಮುಟ್ಟಿತು. ಇಷ್ಟು ಏರಿಳಿತದ ಬೆಳೆಯನ್ನು ಅಂದಾಜಿನ ಮೇಲೆ ನಡೆಸಲಾಗದು.

ಎಕರೆಯ ಖರ್ಚು ಬರೆಯುವ ಕ್ರಮ

ಲೆಕ್ಕದ ವರ್ಷವನ್ನು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಇಟ್ಟುಕೊಳ್ಳಿ. ಕೊಯ್ಲು ಮುಗಿದು ಹೊಸ ಬೆಳೆಯ ಕೆಲಸ ಶುರುವಾಗುವುದೂ ಆಗಲೇ. ಪುಸ್ತಕದಲ್ಲಿ ಎರಡು ಭಾಗ ಮಾಡಿ. ಮೊದಲನೆಯದು, ಫಸಲು ಎಷ್ಟೇ ಬರಲಿ ಆಗಿಯೇ ತೀರುವ ಖರ್ಚು: ಕಳೆ ತೆಗೆಯುವುದು, ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು), ಗಿಡಗಸಿ (ಕಾಫಿ ಗಿಡ ಸವರುವುದು), ಬೇಡದ ಚಿಗುರು ತೆಗೆಯುವುದು, ಗೊಬ್ಬರ, ಸುಣ್ಣ, ಔಷಧಿ, ನೀರು, ರಿಪೇರಿ. ಎರಡನೆಯದು, ಕೊಯ್ದಷ್ಟಕ್ಕೆ ಮಾತ್ರ ಆಗುವ ಖರ್ಚು: ಕೊಯ್ಲಿನ ಕೂಲಿ, ಸಾಗಣೆ, ಕಣದ ಕೆಲಸ, ಚೀಲ. ಹಾಜರಿ ಪುಸ್ತಕದಲ್ಲಿ ಆಳಿನ ಹೆಸರಿನ ಪಕ್ಕ ಆ ದಿನದ ಕೆಲಸವನ್ನೂ ಬರೆಯಲೇಬೇಕು. ಬರೀ ಹಾಜರಿ ಇದ್ದರೆ ವರ್ಷದ ಕೊನೆಯಲ್ಲಿ ಒಟ್ಟು ಕೂಲಿ ಸಿಗುತ್ತದೆಯೇ ಹೊರತು ಅದು ಎಲ್ಲಿಗೆ ಹೋಯಿತೆಂದು ತಿಳಿಯುವುದಿಲ್ಲ.

ಲೆಕ್ಕದ ಹದ ತೋರಿಸಲು ಒಂದು ಎಕರೆಯ ಉದಾಹರಣೆ. ಅಂಕಿಗಳು ಮಾದರಿಗೆ ಮಾತ್ರ, ನಿಮ್ಮ ಊರಿನ ಕೂಲಿ, ಗೊಬ್ಬರದ ದರ ಹಾಕಿಕೊಳ್ಳಿ. ವರ್ಷಕ್ಕೆ 45 ಆಳು, 500 ರೂಪಾಯಿಯಂತೆ 22,500. ಗೊಬ್ಬರ, ಸುಣ್ಣ 14,000. ನೀರು ಹಾಯಿಸಲು 8,000. ಗುತ್ತಿಗೆಯ ಮರಗಸಿ 5,000. ಸಿಂಪಡಣೆ 2,500. ರಿಪೇರಿ, ಕರೆಂಟು ಇತ್ಯಾದಿ 5,000. ಇಲ್ಲಿಗೆ 57,000. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ತಪ್ಪಾಗುವುದು ಇಲ್ಲೇ. ಪಂಪ್‌ಸೆಟ್, ಪೈಪು, ಕಣ, ಗೋದಾಮಿನ ಸವೆತಕ್ಕೆ 10,000, ಮನೆಯವರೇ ನಿಂತು ಮಾಡುವ ಕೆಲಸಕ್ಕೆ 12,000 ಸೇರಿಸಿ. ಮನೆಯ ದುಡಿಮೆಗೆ ಬೆಲೆ ಕಟ್ಟದ ತೋಟ ಲಾಭದಲ್ಲಿದ್ದಂತೆ ಕಾಣುತ್ತದೆ. ನಿಜದಲ್ಲಿ ಮನೆಯವರ ಕೂಲಿಯನ್ನೇ ತಿನ್ನುತ್ತಿರುತ್ತದೆ. ಒಟ್ಟು 79,000.

ಇನ್ನು ಕೊಯ್ದಷ್ಟಕ್ಕೆ ಆಗುವ ಖರ್ಚು. 100 ಕೆಜಿ ಚೆನ್ನಾಗಿ ಹಣ್ಣಾದ ರೋಬಸ್ಟಾದಿಂದ ಸುಮಾರು 42 ಕೆಜಿ ಒಣ ಚೆರಿ ಸಿಗುತ್ತದೆಂದು ಇಟ್ಟುಕೊಂಡರೆ, 50 ಕೆಜಿ ಚೀಲಕ್ಕೆ 119 ಕೆಜಿ ಹಣ್ಣು ಬೇಕು. ಕೊಯ್ಲಿಗೆ ಕೆಜಿಗೆ 6, ಕಣದ ಕೆಲಸಕ್ಕೆ 3 ಎಂದರೆ ಚೀಲಕ್ಕೆ 1,071 ರೂಪಾಯಿ.

ಈಗ ಭಾಗಿಸಿ ನೋಡಿ. ಎಕರೆಗೆ 20 ಚೀಲ ಬಂದರೆ ಒಂದು ಚೀಲದ ಅಸಲು, ಅಂದರೆ ಬೆಳೆಯಲು ತಗಲಿದ ಖರ್ಚು, 5,021. ಹೂ ಅರಳಿಸುವ ಹೂಮಳೆ ಕೈಕೊಟ್ಟು 14 ಚೀಲಕ್ಕೆ ಇಳಿದರೆ 6,714. ಅದೇ ಖರ್ಚಿನಲ್ಲಿ 26 ಚೀಲ ಬಂದರೆ 4,109. ಖರ್ಚಿನ ದೊಡ್ಡ ಪಾಲು ಫಸಲಿನೊಂದಿಗೆ ಏರಿಳಿಯುವುದಿಲ್ಲ, ಹಾಗಾಗಿ ಎಕರೆ ಇಳುವರಿಯೇ ಅಸಲನ್ನು ನಿರ್ಧರಿಸುತ್ತದೆ. ರೇಟು ಬಿದ್ದ ವರ್ಷ ಗೊಬ್ಬರ, ಗಿಡಗಸಿ ಬಿಟ್ಟು ಉಳಿತಾಯ ಮಾಡುವವರು ಮುಂದಿನ ವರ್ಷದ ಚೀಲದ ಅಸಲನ್ನು ತಾವೇ ಏರಿಸಿಕೊಂಡಂತೆ. ಉಳಿಸಲೇಬೇಕಾದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಬೇಡದ ಗೊಬ್ಬರ ಬಿಡಿ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಮತ್ತು ಚೆಟ್ಟಳ್ಳಿಯ ಉಪಕೇಂದ್ರ ಇರುವುದೇ ಇಂಥದ್ದಕ್ಕೆ. ಮಣ್ಣು ಹುಳಿಯಾಗಿದ್ದರೆ ಸುಣ್ಣ ಹಾಕದೆ ಸುರಿದ ಗೊಬ್ಬರದಲ್ಲಿ ಬಹುಪಾಲು ಗಿಡಕ್ಕೆ ದಕ್ಕುವುದಿಲ್ಲ.

ಕಾಫಿ ಒಂದು ವರ್ಷ ತುಂಬಿ ಮರುವರ್ಷ ಸೊರಗುವ ಬೆಳೆ. ಒಂದೇ ವರ್ಷದ ಅಸಲು ನೋಡಿ ಸಾಲ, ಮನೆ, ವಾಹನದ ತೀರ್ಮಾನ ಮಾಡಬೇಡಿ. ನಾಲ್ಕು ವರ್ಷದ ಖರ್ಚನ್ನು ಕೂಡಿ, ನಾಲ್ಕು ವರ್ಷದ ಚೀಲಗಳಿಂದ ಭಾಗಿಸಿ. ಆ ಸಂಖ್ಯೆಯೇ ನಿಮ್ಮ ತೋಟದ ಅಸಲು.

ನೀರಿಗೆ ಹಾಕುವ ಹಣ

ರೋಬಸ್ಟಾದಲ್ಲಿ ಹಾಕಿದ ರೂಪಾಯಿಗೆ ಅತಿ ಹೆಚ್ಚು ಮರಳಿ ಕೊಡುವುದು ಸಕಾಲದ ನೀರು. ಮೊಗ್ಗು ಹದಕ್ಕೆ ಬಂದಾಗ ಒಂದರಿಂದ ಒಂದೂವರೆ ಇಂಚು, ಹೂ ಬಿಟ್ಟು 15–20 ದಿನಕ್ಕೆ ಬ್ಯಾಕಿಂಗ್ ನೀರು, ಅಂದರೆ ಕಚ್ಚಿದ ಕಾಯಿ ನಿಲ್ಲಲು ಕೊಡುವ ಎರಡನೇ ನೀರು. ಅರ್ಧ ಇಂಚು ಹಾಯಿಸಿ ನಿಲ್ಲಿಸುವುದು ಹಾಯಿಸದಿರುವುದಕ್ಕಿಂತ ಕೆಟ್ಟದ್ದು: ಮೊಗ್ಗು ಅರೆಬರೆ ಅರಳಿ, ಗುಲಾಬಿ ಬಣ್ಣಕ್ಕೆ ತಿರುಗಿ, ಕಾಯಿ ಕಚ್ಚದೆ ಉದುರುತ್ತದೆ. ಒಂದು ಎಕರೆಗೆ ಒಂದು ಇಂಚು ಎಂದರೆ ಸುಮಾರು 1.03 ಲಕ್ಷ ಲೀಟರ್. ಐದು ಎಕರೆಗೆ ಹೂವಿಗೆ ಒಂದೂವರೆ ಇಂಚು, ಬ್ಯಾಕಿಂಗ್‌ಗೆ ಒಂದು ಇಂಚು ಕೊಡಲು ಕೆರೆಯಲ್ಲಿ 12.9 ಲಕ್ಷ ಲೀಟರ್ ಇರಬೇಕು, ಆವಿಯಾಗುವುದು ಬೇರೆ. ಕೆರೆಯ ಉದ್ದ, ಅಗಲ, ಸರಾಸರಿ ಆಳವನ್ನು ಮೀಟರಿನಲ್ಲಿ ಗುಣಿಸಿ, ಬಂದದ್ದನ್ನು ಸಾವಿರದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ನೀರು ಸಾಲದಿದ್ದರೆ ಐದು ಎಕರೆಗೂ ಚೂರುಚೂರು ಹಂಚದೆ ಚೆನ್ನಾಗಿ ಫಸಲು ಕೊಡುವ ಮೂರು ಎಕರೆಗೆ ಪೂರ್ತಿ ಕೊಡಿ.

ಚೀಲದೊಳಗಿನ ಕಾಫಿ: ಔಟ್‌ಟರ್ನ್

ವ್ಯಾಪಾರಿ ಕೊಳ್ಳುವುದು ಸಿಪ್ಪೆಯನ್ನಲ್ಲ, ಬೀಜವನ್ನು. 50 ಕೆಜಿ ಚೆರಿಯನ್ನು ಸಿಪ್ಪೆ ಬಿಡಿಸುವ ಯಂತ್ರ ಹಲ್ಲರ್‌ಗೆ ಹಾಕಿದಾಗ ಸಿಗುವ ಬೀಜದ ಕೆಜಿಯೇ ಔಟ್‌ಟರ್ನ್, ಆಡುಮಾತಿನಲ್ಲಿ ಓಟಿ. ಒಳ್ಳೆ ರೋಬಸ್ಟಾ ಚೆರಿ 26ರಿಂದ 28 ಓಟಿ ಕೊಡುತ್ತದೆ. ಒಂದು ಓಟಿ, ಅಂದರೆ ಒಂದು ಕೆಜಿ ಬೀಜ, ಒಂದು ಪಾಯಿಂಟ್. ಪಾಯಿಂಟಿಗೆ 340 ರೂಪಾಯಿ ಇದ್ದರೆ 26 ಓಟಿಯ ಚೀಲಕ್ಕೆ 8,840, 28 ಓಟಿಗೆ 9,520. ಒಂದೇ ದಿನ, ಒಂದೇ ಅಂಗಡಿಯಲ್ಲಿ 680 ರೂಪಾಯಿ ವ್ಯತ್ಯಾಸ. ಚೀಲದ ಮೇಲೆ ಸಾರಾಸಗಟು ರೇಟು ಮಾತಾಡಿದರೆ ಈ ವ್ಯತ್ಯಾಸ ಕೊಂಡವನ ಪಾಲಾಗುತ್ತದೆ.

ಮನೆಯಲ್ಲೇ ಓಟಿ ನೋಡುವುದು ಕಷ್ಟವಲ್ಲ. ಹತ್ತು ಚೀಲಕ್ಕೆ ಒಂದರಂತೆ ಆರಿಸಿ, ಮೇಲಿನಿಂದ, ನಡುವಿನಿಂದ, ತಳದಿಂದ ಕಾಯಿ ತೆಗೆದು ಚೆನ್ನಾಗಿ ಬೆರೆಸಿ. ಅದರಲ್ಲಿ ಸರಿಯಾಗಿ 1 ಕೆಜಿ ತೂಗಿ, ಸಣ್ಣ ಹಲ್ಲರ್‌ನಲ್ಲೋ ಒರಳಿನಲ್ಲೋ ಬೀಜ ಒಡೆಯದಂತೆ ಸಿಪ್ಪೆ ಬಿಡಿಸಿ, ಕೇರಿ, ಬೀಜವನ್ನು ಗ್ರಾಂ ತಕ್ಕಡಿಯಲ್ಲಿ ಇಡಿ. 540 ಗ್ರಾಂ ಬಂದರೆ 20ರಿಂದ ಭಾಗಿಸಿ: 27 ಓಟಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಅದೇ ಬೀಜದಲ್ಲಿ ಕಪ್ಪು, ಒಡಕು, ಕಾಯಿಕೊರಕ ಹುಳು ತೂತು ಹಾಕಿದ್ದನ್ನು ಬೇರೆ ಮಾಡಿ ತೂಗಿದರೆ, ವ್ಯಾಪಾರಿ ಹಿಡಿಯುವ ಕಡಿತ ನ್ಯಾಯವೋ ಅಲ್ಲವೋ ಗೊತ್ತಾಗುತ್ತದೆ. ಈ ಅಂಕಿ ಕೈಯಲ್ಲಿಟ್ಟುಕೊಂಡು ಹೋಗಿ, ಅಂಗಡಿಯ ಪರೀಕ್ಷೆ ನಿಮ್ಮೆದುರೇ ಆಗಲಿ.

ಓಟಿ ಇಳಿಯಲು ದೊಡ್ಡ ಕಾರಣ ಹಸಿರು ಕಾಯಿ. ಕೆಜಿ ಲೆಕ್ಕದ ಕೂಲಿಯಲ್ಲಿ ರೆಕ್ಕೆಯನ್ನು (ಗಿಡದ ಅಡ್ಡಕೊಂಬೆಯನ್ನು) ಒಂದೇ ಎಳೆತಕ್ಕೆ ಸವರಿಬಿಡುತ್ತಾರೆ. ಬಲಿಯದ ಕಾಯಿಯಲ್ಲಿ ಬೀಜ ತುಂಬಿರುವುದಿಲ್ಲ. ಕೊಯ್ದವರ ತಪ್ಪು ಅದಲ್ಲ, ಕೂಲಿ ಕೊಡುವ ಕ್ರಮದ್ದು. ಸಂಜೆ ತೂಗುವಾಗ ಚೀಲದಿಂದ 100 ಕಾಯಿ ಎಣಿಸಿ; ಹಸಿರು ಹತ್ತರೊಳಗಿದ್ದರೆ ಕೆಜಿಗೆ 50 ಪೈಸೆ ಹೆಚ್ಚು ಕೊಡಿ. ಚೀಲಕ್ಕೆ ಅದು 60 ರೂಪಾಯಿಯಷ್ಟು. ಒಂದೇ ಪಾಯಿಂಟ್ ಓಟಿ ಏರಿದರೆ ಐದು ಪಟ್ಟು ಮರಳಿ ಬರುತ್ತದೆ.

ಕಣದಲ್ಲಿ ಕಳೆಯುವ ತೂಕ

ಹಣ್ಣನ್ನು ಕಣದಲ್ಲಿ ಎಂಟು ಸೆಂಟಿಮೀಟರ್ ದಪ್ಪಕ್ಕಿಂತ ಹೆಚ್ಚು ಹರಡಬೇಡಿ, ದಿನದಲ್ಲಿ ಹಲವು ಸಲ ಕೆದಕಿ. ಒಳ್ಳೆ ಬಿಸಿಲಿಗೆ 12–15 ದಿನ ಸಾಕು. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದಾಗ ಗಲಗಲ ಸದ್ದು ಬಂದರೆ ಹದ ಹತ್ತಿರವಾಯಿತು. ಅಲ್ಲಿಂದ ಮುಂದೆ ಒಂದೇ ಡಬ್ಬದ ಅಳತೆಯನ್ನು ದಿನವೂ ತೂಗಿ. ಎರಡು ದಿನ ತೂಕ ಬದಲಾಗದಿದ್ದರೆ ಚೀಲ ತುಂಬಿ. ರೋಬಸ್ಟಾ ಚೆರಿಗೆ ತೇವಾಂಶ 11 ಶೇಕಡ ಹದ. ಮೀಟರಿನಲ್ಲಿ ನೋಡುವಾಗ ಸಿಪ್ಪೆ ಬಿಡಿಸಿದ ಬೀಜವನ್ನೇ ಹಾಕಿ, ಇಡೀ ಚೆರಿ ಹಾಕಿದರೆ ಅಂಕಿ ಸುಳ್ಳು ಹೇಳುತ್ತದೆ.

ಹಸಿಯಾಗಿ ತುಂಬಿದರೆ ಬೂಷ್ಟು, ಕಡಿತ, ಜಗಳ. ಇದು ಎಲ್ಲರಿಗೂ ಗೊತ್ತು. ಅತಿಯಾಗಿ ಒಣಗಿಸಿದರೆ ಆಗುವ ನಷ್ಟ ಮಾತ್ರ ಕಣ್ಣಿಗೆ ಬೀಳುವುದಿಲ್ಲ. 11 ಶೇಕಡ ತೇವದ 50 ಕೆಜಿ ಚೆರಿಯನ್ನು 9ಕ್ಕೆ ಇಳಿಸಿದರೆ 48.9 ಕೆಜಿ ಆಗುತ್ತದೆ. ನೂರು ಚೀಲಕ್ಕೆ 110 ಕೆಜಿ, ಅಂದರೆ ಎರಡು ಚೀಲಕ್ಕೂ ಹೆಚ್ಚು ಕಾಫಿ ಬಿಸಿಲಿಗೆ ಹೋಯಿತು. ಹಾಗೆಂದು ತೇವ ಬಿಟ್ಟು ತೂಕ ಹೆಚ್ಚಿಸುವ ಆಸೆಯೂ ಬೇಡ: ಮೀಟರ್ ಇರುವ ಅಂಗಡಿಯಲ್ಲಿ ಕಡಿತ ಯಾವಾಗಲೂ ವ್ಯತ್ಯಾಸಕ್ಕಿಂತ ಒಂದು ಕೈ ಮೇಲೆಯೇ ಇರುತ್ತದೆ.

ಕಣವಿಲ್ಲ, ಆಳಿಲ್ಲ ಎಂದು ಹಣ್ಣನ್ನೇ ಮಾರುವವರು ಹೀಗೆ ನೋಡಿ. ಚೆರಿ ಚೀಲಕ್ಕೆ 9,000 ಎಂದರೆ ಕೆಜಿಗೆ 180. 100 ಕೆಜಿ ಹಣ್ಣಿನಿಂದ ಬರುವ 42 ಕೆಜಿಗೆ 7,560. ಕಣದ ಖರ್ಚು 300 ಕಳೆದರೆ 7,260. ಹಣ್ಣಿಗೆ ಕೆಜಿಗೆ 72 ರೂಪಾಯಿ 60 ಪೈಸೆಗಿಂತ ಕಡಿಮೆ ಸಿಕ್ಕರೆ ಒಣಗಿಸುವುದೇ ಲಾಭ. ಮೋಡ ಕವಿದ ವಾರದಲ್ಲಿ ಮಾತ್ರ ಒಂದೆರಡು ರೂಪಾಯಿ ಕಡಿಮೆಗೂ ಹಣ್ಣು ಕೊಟ್ಟುಬಿಡಿ; ಮಳೆಗೆ ನೆಂದ ಚೆರಿಯ ಬೆಲೆ ಯಾವ ಸೂತ್ರಕ್ಕೂ ಸಿಗದು.

ಲಂಡನ್ ರೇಟನ್ನು ಊರಿನ ರೇಟಿಗೆ ತರುವುದು

ರೋಬಸ್ಟಾದ ಅಂತರರಾಷ್ಟ್ರೀಯ ಬೆಲೆ ಲಂಡನ್‌ನಲ್ಲಿ ಟನ್ನಿಗೆ ಡಾಲರಿನಲ್ಲಿ, ಅರೇಬಿಕಾದ್ದು ನ್ಯೂಯಾರ್ಕ್‌ನಲ್ಲಿ ಪೌಂಡ್ ತೂಕಕ್ಕೆ ಸೆಂಟಿನಲ್ಲಿ. ಲಂಡನ್ 4,000 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ: ಬೀಜದ ಕೆಜಿಗೆ 340. ಇದೇ ಓಟಿಯ ಪಾಯಿಂಟಿನ ಮೊದಲ ಅಂದಾಜು. ಇದರಲ್ಲಿ ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವುದು), ಸಾಗಣೆ, ರಫ್ತುದಾರನ ಪಾಲು ಕಳೆಯಬೇಕು, ಭಾರತದ ಕಾಫಿಗೆ ಸಿಗುವ ಹೆಚ್ಚುವರಿ ಕೂಡಬೇಕು. ವಾರಕ್ಕೊಮ್ಮೆ ಎರಡೂ ರೇಟನ್ನು ಪಕ್ಕಪಕ್ಕ ಬರೆದಿಡಿ. ಒಂದು ಕೊಯ್ಲಿನೊಳಗೆ ನಿಮ್ಮ ಊರಿನ ಮಾಮೂಲಿ ಅಂತರ ಎಷ್ಟೆಂದು ತಿಳಿಯುತ್ತದೆ. ಅಂತರ ಇದ್ದಕ್ಕಿದ್ದಂತೆ ಹಿಗ್ಗಿದರೆ ಇನ್ನೆರಡು ಅಂಗಡಿಯಲ್ಲಿ ಕೇಳಬೇಕಾದ ದಿನ ಅದು.

ಈ ರೇಟನ್ನು ಬೇರೆ ದೇಶದ ಫಸಲೂ ಅಲ್ಲಾಡಿಸುತ್ತದೆ. ವಿಯೆಟ್ನಾಮಿನ ಕೊಯ್ಲು ಅಕ್ಟೋಬರ್‌ನಿಂದ ಜನವರಿ, ನಮ್ಮ ರೋಬಸ್ಟಾದ ಬೆನ್ನಿಗೇ ಮುಂಚೆ. ಬ್ರೆಜಿಲಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಹಿಮ ಬೀಳುವ ಭಯ. 2021ರ ಜುಲೈನಲ್ಲಿ ಬಿದ್ದು ಬೆಲೆ ಹಾರಿತು. ಆದರೆ ಬೇರೆ ದೇಶದ ಹಿಮವನ್ನು ನಂಬಿ ಗೋದಾಮು ತುಂಬಿಟ್ಟುಕೊಳ್ಳುವುದು ಜೂಜು. ಇಟ್ಟುಕೊಳ್ಳುವುದಕ್ಕೂ ಖರ್ಚಿದೆ: 9 ಶೇಕಡ ಬಡ್ಡಿಯಲ್ಲಿ 9,000ದ ಚೀಲಕ್ಕೆ ತಿಂಗಳಿಗೆ 67 ರೂಪಾಯಿ 50 ಪೈಸೆ, ನಾಲ್ಕು ತಿಂಗಳಿಗೆ 270. ಮೇಲೆ ಮಳೆಗಾಲದ ತೇವ, ಬೂಷ್ಟು, ಕಳ್ಳರ ಭಯ. ಇಡುವುದಾದರೆ ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಗೊಬ್ಬರ ಮತ್ತು ಔಷಧಿಯಿಂದ ದೂರ ಇಡಿ.

ನಮ್ಮ ಸಲಹೆ ನೇರವಾದದ್ದು. ಕೊಯ್ಲಿನ ಕೂಲಿ, ಬ್ಯಾಂಕಿನ ಕಂತು, ಮುಂಗಾರಿನ ಗೊಬ್ಬರ ಇಷ್ಟಕ್ಕೆ ಬೇಕಾದಷ್ಟನ್ನು ಕಣದಿಂದಲೇ ಮಾರಿ. ಉಳಿದದ್ದನ್ನು ಮೂರು ಪಾಲು ಮಾಡಿ, ಅಸಲಿನ ಮೇಲೆ ಇಷ್ಟು ಲಾಭ ಬಂದರೆ ಕೊಡುತ್ತೇನೆಂದು ಮೊದಲೇ ಬರೆದಿಟ್ಟು, ಆ ರೇಟು ಬಂದ ದಿನ ಕೊಡಿ. ಕಾಫಿಯನ್ನು ಅಂಗಡಿಗೆ ಹಾಕಿ ರೇಟು ಆಮೇಲೆ ಗೊತ್ತುಮಾಡುವ ಪದ್ಧತಿಯಲ್ಲಿ ಸರಕೂ ಅವರದು, ಹಣವೂ ಅವರದು; ಅಂಗಡಿ ಮುಚ್ಚಿದರೆ ಕೈಯಲ್ಲಿ ಉಳಿಯುವುದು ಚೀಟಿ.

ಯುರೋಪಿಗೆ ಹೋಗುವ ಕಾಫಿಗೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ್ದಲ್ಲ ಎಂಬ ದಾಖಲೆ, ತೋಟದ ನಕ್ಷೆಯ ಸಮೇತ ಕೇಳುವ ಕಾನೂನು ಐರೋಪ್ಯ ಒಕ್ಕೂಟದಲ್ಲಿ ಬಂದಿದೆ. ನಮ್ಮ ಕಾಫಿಯ ದೊಡ್ಡ ಗಿರಾಕಿ ಯುರೋಪೇ. ಕಾಫಿ ಬೋರ್ಡಿನಲ್ಲಿ ತೋಟ ನೋಂದಾಯಿಸುವುದನ್ನು ಮುಂದೂಡಬೇಡಿ, ಆರ್‌ಟಿಸಿ ತಂದೆಯ ಹೆಸರಲ್ಲೇ ಇದ್ದರೆ ಮೊದಲು ಆ ಖಾತೆ ಬದಲಾವಣೆ ಆಗಲಿ.

ತೋಟದಲ್ಲಿ ಕರಿಮೆಣಸು ಇದ್ದರೆ ಅದರ ಆದಾಯವನ್ನೂ ಖರ್ಚನ್ನೂ ಬೇರೆ ಪುಟದಲ್ಲೇ ಬರೆಯಿರಿ. ಎರಡನ್ನೂ ಸೇರಿಸಿ ಬರೆದ ತೋಟಗಳಲ್ಲಿ ಬಳ್ಳಿ ಕಾಫಿಯ ನಷ್ಟವನ್ನು ವರ್ಷಗಟ್ಟಲೆ ಮುಚ್ಚಿಡುತ್ತದೆ. ಸೊರಗು ರೋಗ ಬಂದು ಬಳ್ಳಿ ಹೋದ ವರ್ಷವೇ ಅದು ಬಯಲಿಗೆ ಬರುವುದು.