ಮಸೂದೆ ಸಿಕ್ಕಿಹಾಕಿಕೊಂಡಾಗಲೇ ಪಾಠ ಶುರುವಾಯಿತು

ಟೆಕ್ಸಸ್‌ನ ಸರ್ಕಾರಿ ಕಾಲೇಜುಗಳಲ್ಲಿ ಬ್ಯಾಚುಲರ್ ಡಿಗ್ರಿ ಬೇಕೆಂದರೆ, ಯಾವ ವಿಷಯ ಓದುವವರೇ ಆಗಲಿ, ಸರ್ಕಾರದ ಬಗ್ಗೆ 6 ಕ್ರೆಡಿಟ್ ಓದಲೇಬೇಕು. ಅದು ಕಾನೂನು. ಹಾಗಾಗಿ ನನ್ನ ಕ್ಲಾಸಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಬೇರೆ ದಾರಿಯಿಲ್ಲದೆ ಬಂದವರು. ಹ್ಯೂಸ್ಟನ್ ಹತ್ತಿರದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ (ಡಿಗ್ರಿಯ ಮೊದಲ ಎರಡು ವರ್ಷ ಓದುವ ಜಾಗ) ಒಂಬತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನಮ್ಮ ಕಡೆ ಅತಿಥಿ ಉಪನ್ಯಾಸಕರು ಅಂತೀವಲ್ಲ, ಹೆಚ್ಚು ಕಡಿಮೆ ಅದೇ ಕೆಲಸ. ಒಂದು ಕೋರ್ಸಿಗೆ ಸುಮಾರು 2,500 ಡಾಲರ್. ಖರ್ಚು ಮಾಡಿದ್ದೆಲ್ಲ ಅದರಲ್ಲೇ ಹೋಗಬೇಕು. ಅದಕ್ಕೇ ದುಡ್ಡಿನ ಲೆಕ್ಕವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಎರಡು ವರ್ಷ ಎಲ್ಲರ ಹಾಗೆ ಮಾಡಿದೆ. 1787, ಸಂವಿಧಾನ ಬರೆದ ಫಿಲಡೆಲ್ಫಿಯಾ, ಸರ್ಕಾರದ ಮೂರು ಅಂಗಗಳು, ಬಾಣದ ಗುರುತಿನ ಚಿತ್ರ. ಹಿಂದಿನ ಸಾಲಿನವರು ನಿದ್ದೆ ಹೋದರು. ಆಮೇಲೆ ಉತ್ತರ ಒತ್ತುವ ರಿಮೋಟ್‌ಗಳನ್ನು ಕೈಯಿಂದ ದುಡ್ಡು ಹಾಕಿ ತಂದೆ. ಸುಮಾರು 340 ಡಾಲರ್. ಮೂರು ವಾರ ಮಜಾ ಇತ್ತು, ಆಮೇಲೆ ಬ್ಯಾಟರಿ ಹಾಕುವ ಕೆಲಸ ಮಾತ್ರ ಉಳಿಯಿತು. ಅದಾದ ಮೇಲೆ ವ್ಯಾನ್ ಬಾಡಿಗೆಗೆ ತೆಗೆದುಕೊಂಡು ಹನ್ನೊಂದು ಜನರನ್ನು ಒಂದು ಸ್ಥಳೀಯ ಮಂಡಳಿಯ ಸಭೆಗೆ ಕರೆದುಕೊಂಡು ಹೋದೆ. ನಾವು ಕೂತ ಹತ್ತೇ ನಿಮಿಷಕ್ಕೆ ಸದಸ್ಯರು ಮುಚ್ಚಿದ ಬಾಗಿಲಿನ ಸಭೆಗೆ ಎದ್ದು ಹೋದರು. ಎರಡು ಗಂಟೆ ಖಾಲಿ ಕುರ್ಚಿಗಳನ್ನು ನೋಡಿದೆವು. 180 ಡಾಲರ್ ಬಾಡಿಗೆ, ಮೇಲೆ ಪೆಟ್ರೋಲು.

ನಾಲ್ಕನೇ ವರ್ಷ ಅಣಕು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತಿನ ಅಣಕು, ಮಾಡಿದೆ. ಇದನ್ನು ನಿಮ್ಮಲ್ಲಿ ತುಂಬಾ ಜನ ಮಾಡಿರುತ್ತೀರಿ. "ಶುಕ್ರವಾರ ಹೋಮ್‌ವರ್ಕ್ ಬೇಡ" ಅಂತ ಮಸೂದೆ ತಂದರು. ಇಪ್ಪತ್ತು ನಿಮಿಷದಲ್ಲಿ ಸರ್ವಾನುಮತದಿಂದ ಪಾಸಾಯಿತು. ಚಪ್ಪಾಳೆ ಹೊಡೆದರು. ಮನೆಗೆ ಬಂದು ಯೋಚಿಸಿದಾಗ ಹೊಟ್ಟೆ ಉರಿಯಿತು. ನಾನು ಕಲಿಸಿದ್ದು ಅಮೆರಿಕದ ಸರ್ಕಾರಕ್ಕೆ ತದ್ವಿರುದ್ಧವಾದದ್ದು. ಈ ವ್ಯವಸ್ಥೆಯಲ್ಲಿ ಕೆಲಸ ಸುಲಭವಾಗಿ ಆಗುವುದೇ ಇಲ್ಲ. ಯಾರು ಯಾರನ್ನು ಎಲ್ಲಿ ತಡೆಯಬಹುದು ಅನ್ನುವುದರಲ್ಲೇ ಅಧಿಕಾರ ಇರುವುದು. ಪಾಠ ಅಲ್ಲಿಂದ ಶುರುವಾಗಬೇಕು.

ಮುಂದಿನ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಬದಲಾಯಿಸಿದೆ. ಒಂದು, ಮಸೂದೆ ನಿಜವಾದದ್ದು. ಹೋಮ್‌ವರ್ಕ್ ತಡವಾದರೆ ದಿನಕ್ಕೆ 10 ಅಂಕ ಕತ್ತರಿಸುತ್ತೇನೆ. ಅದನ್ನು ಬದಲಾಯಿಸುವ ಹಕ್ಕು ಕ್ಲಾಸಿನದು. ಪಾಸಾದರೆ ಅವತ್ತಿಂದಲೇ ಜಾರಿ. ಎರಡು, ಮೇಜುಗಳು ಸಮ ಅಲ್ಲ. 32 ಜನ, ಆರು ಮೇಜು: 11, 7, 5, 4, 3, 2. ಒಂದೊಂದು ಮೇಜೂ ಒಂದೊಂದು ರಾಜ್ಯ. ಹೌಸ್‌ನಲ್ಲಿ, ಅಂದರೆ ಕೆಳಮನೆಯಲ್ಲಿ, ಎಲ್ಲರಿಗೂ ಓಟು. ಸೆನೆಟ್‌ಗೆ, ಅಂದರೆ ಮೇಲ್ಮನೆಗೆ, ಪ್ರತಿ ಮೇಜಿನಿಂದ ಇಬ್ಬರೇ, ಒಟ್ಟು 12. ಚರ್ಚೆ ನಿಲ್ಲಿಸಲು 12ರಲ್ಲಿ 8 ಓಟು ಬೇಕು, ಚರ್ಚೆ ನಿಲ್ಲದೆ ಮಸೂದೆ ಓಟಿಗೆ ಬರುವುದಿಲ್ಲ.

ನಮ್ಮ ವಿಭಾಗದ ಹಿರಿಯರೊಬ್ಬರು "ಇದು ಆಟ, ಪಾಠ ಅಲ್ಲ. ಕೊನೆಯ ಕಾಮನ್ ಪರೀಕ್ಷೆಯಲ್ಲಿ ಇವರೆಲ್ಲ ಮುಳುಗುತ್ತಾರೆ" ಅಂದರು. ಇನ್ನೊಬ್ಬರು ಪಠ್ಯದ ಅಧ್ಯಾಯಗಳನ್ನು ವರಸೆ ತಪ್ಪಿಸಬೇಡಿ ಅಂತ ಮೇಲ್ ಹಾಕಿದರು.

ಮೊದಲು ಅಧ್ಯಕ್ಷರ ಚುನಾವಣೆ. ಮೇಜಿನ ತಲೆ ಎಣಿಕೆಗೆ 2 ಸೇರಿಸಿದರೆ ಅದರ ಎಲೆಕ್ಟೋರಲ್ ಓಟು (ಅಧ್ಯಕ್ಷರನ್ನು ಆರಿಸುವುದು ಇವೇ), ಮೇಜು ಗೆದ್ದವರಿಗೆ ಅಷ್ಟೂ ಓಟು. 32ರಲ್ಲಿ 14 ಓಟು ಪಡೆದ ಹುಡುಗ ಗೆದ್ದ. 18 ಪಡೆದ ಹುಡುಗಿ ಸೋತಳು. ಅವಳು ಬೋರ್ಡಿನ ಮುಂದೆ ನಿಂತು ಮೂರು ಸಲ ಕೂಡಿದಳು. 2016ರಲ್ಲಿ ಸುಮಾರು 29 ಲಕ್ಷ ಓಟು ಜಾಸ್ತಿ ಪಡೆದೂ ಹಿಲರಿ ಕ್ಲಿಂಟನ್ ಸೋತದ್ದು ಹೇಗೆ ಅಂತ ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಹೌಸ್‌ನಲ್ಲಿ ಮಸೂದೆ ಆರಾಮಾಗಿ ಪಾಸಾಯಿತು. ಸೆನೆಟ್‌ನಲ್ಲಿ ಸಿಕ್ಕಿಹಾಕಿಕೊಂಡಿತು.

ಇಬ್ಬರೇ ಇದ್ದ ಮೇಜಿನ ಹುಡುಗನೊಬ್ಬ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ. ಐದು ವಾರದಲ್ಲಿ ಒಂದು ಮಾತೂ ಆಡಿರಲಿಲ್ಲ. ಅವತ್ತು ಎದ್ದು ನಿಂತ. "ನಾನು ರಾತ್ರಿಯೆಲ್ಲ ಪೆಟ್ಟಿಗೆ ಎತ್ತಿ ಬಂದೂ ಟೈಮಿಗೆ ಸರಿಯಾಗಿ ಕೊಡುತ್ತೇನೆ. ನಿಮಗೆ ಯಾಕೆ ಆಗೋದಿಲ್ಲ?" ಅಂದ. ಹೇಳುವುದು ಮುಗಿದ ಮೇಲೂ ಕೂರಲಿಲ್ಲ. ಚೀಲದಿಂದ ಕೆಲಸದ ಜಾಗದ ಸುರಕ್ಷತಾ ಕೈಪಿಡಿ ತೆಗೆದು ಓದತೊಡಗಿದ. ಒಂದು ಕೈ ಮೇಜಿನ ಮೇಲೆ, ಶೂ ಲೇಸು ಬಿಚ್ಚಿಹೋಗಿದೆ, ಬಗ್ಗಿ ಕಟ್ಟಿಕೊಂಡರೆ ಕೂತ ಹಾಗೆ ಆಗುತ್ತದೇನೋ ಅಂತ ಹಾಗೇ ನಿಂತಿದ್ದಾನೆ. 35 ನಿಮಿಷ. ಕ್ಲಾಸು ಮುಗಿಯಿತು. ಚರ್ಚೆ ನಿಲ್ಲಿಸಲು ಬಿದ್ದದ್ದು 7 ಓಟು. ಒಂದು ಕಡಿಮೆ.

ದೊಡ್ಡ ಮೇಜಿನವರು ಕೆರಳಿದರು. "ನಾವು ಹನ್ನೊಂದು, ಅವರು ಎರಡು!" ನಾನು ಬೋರ್ಡಿನ ಮೇಲೆ ಎರಡೇ ಸಾಲು ಬರೆದೆ. ಕ್ಯಾಲಿಫೋರ್ನಿಯಾ, ಸುಮಾರು 4 ಕೋಟಿ ಜನ, 2 ಸೆನೆಟರ್. ವಯೋಮಿಂಗ್, ಸುಮಾರು 6 ಲಕ್ಷ ಜನ, 2 ಸೆನೆಟರ್. ಆಮೇಲೆ ನಡೆದದ್ದೇ ನನಗೆ ಬೇಕಾಗಿದ್ದದ್ದು. ಈ ಫಿಲಿಬಸ್ಟರ್, ಅಂದರೆ ಮಾತಾಡುತ್ತಲೇ ಇದ್ದು ಓಟು ತಡೆಯುವ, ನಿಯಮ ಎಲ್ಲಿದೆ ಅಂತ ಅವರೇ ಸಂವಿಧಾನ ತೆರೆದು ಹುಡುಕಿದರು. ಇಲ್ಲವೇ ಇಲ್ಲ! ಅದು ಸೆನೆಟ್ ತಾನೇ ಮಾಡಿಕೊಂಡ ನಿಯಮ. ಓಟು ಹಾಕಿ ಚರ್ಚೆ ನಿಲ್ಲಿಸುವ ದಾರಿ ಬಂದದ್ದೇ 1917ರಲ್ಲಿ. ಆಗ ಮೂರರಲ್ಲಿ ಎರಡು ಪಾಲು ಬೇಕಿತ್ತು, 100ರಲ್ಲಿ 60ಕ್ಕೆ ಇಳಿದದ್ದು 1975ರಲ್ಲಿ. 1957ರಲ್ಲಿ ನಾಗರಿಕ ಹಕ್ಕುಗಳ ಮಸೂದೆಯ ವಿರುದ್ಧ ಸ್ಟ್ರಾಮ್ ಥರ್ಮಂಡ್ 24 ಗಂಟೆ 18 ನಿಮಿಷ ಮಾತಾಡಿದ್ದನ್ನು ಒಬ್ಬಳು ಹುಡುಕಿ ತಂದಳು. ಆಗ ಆ ಹುಡುಗನ ಮುಖ ಸಪ್ಪಗಾಯಿತು. ತನ್ನ ಕೈಗೆ ಸಿಕ್ಕ ಇದೇ ಆಯುಧ ಕರಿಯರ ಹಕ್ಕನ್ನು ವರ್ಷಗಟ್ಟಲೆ ತಡೆಯಿತು ಅಂತ ಅವನಿಗೆ ಗೊತ್ತಿರಲಿಲ್ಲ. ಅವತ್ತಿನ ಚರ್ಚೆಯ ಹಾಗೆ ನನ್ನ ಕ್ಲಾಸಿನಲ್ಲಿ ಹಿಂದೆ ನಡೆದಿರಲಿಲ್ಲ.

ಕೊನೆಗೆ ರಾಜಿಯಾಯಿತು. 10 ಅಂಕದ ಬದಲು 7. ಕೆಲಸಕ್ಕೆ ಹೋಗುವವರಿಗೆ ತಿಂಗಳಿಗೊಂದು ವಿನಾಯಿತಿ. 9-3ರಲ್ಲಿ ಪಾಸು. ಅಧ್ಯಕ್ಷ ಸಹಿ ಹಾಕಿದ ಮೇಲೆ ಅವರ ಕಣ್ಣೆದುರೇ ಸಿಲಬಸ್ ತಿದ್ದಿ ನನ್ನ ಸಹಿಯನ್ನೂ ಹಾಕಿದೆ.

ಇದರ ಮಧ್ಯೆ ಕಾಳಿನ ಪ್ರಯೋಗ. ಕ್ಷೇತ್ರಗಳ ಗಡಿಯನ್ನು ಬೇಕಾದ ಹಾಗೆ ಎಳೆಯುವುದನ್ನು ಇಲ್ಲಿ ಜೆರಿಮ್ಯಾಂಡರಿಂಗ್ ಅನ್ನುತ್ತಾರೆ. 1812ರಲ್ಲಿ ಮ್ಯಾಸಚುಸೆಟ್ಸ್ ಗವರ್ನರ್ ಆಗಿದ್ದ ಎಲ್‌ಬ್ರಿಜ್ ಗೆರಿಯಿಂದ ಬಂದ ಹೆಸರು. ಮೊದಲು ಕಡಲೆಬೀಜ ತಂದಿದ್ದೆ. ಒಬ್ಬಳಿಗೆ ಅದರ ಅಲರ್ಜಿ, ಇಡೀ ಕೋಣೆ ಖಾಲಿ ಮಾಡಿಸಬೇಕಾಯಿತು. ಈಗ ಇಂಡಿಯನ್ ಅಂಗಡಿಯ ಕಾಬೂಲ್ ಕಡಲೆ, ಅಲಸಂದೆ, ಒಟ್ಟು 6 ಡಾಲರ್. 30 ಕಡಲೆ, 20 ಅಲಸಂದೆ. ಹತ್ತತ್ತು ಕಾಳಿನ ಐದು ಕ್ಷೇತ್ರ ಮಾಡಿ ಅಲಸಂದೆಯನ್ನು ಗೆಲ್ಲಿಸಿ ಅನ್ನುತ್ತೇನೆ. ಮೂರು ಕ್ಷೇತ್ರಕ್ಕೆ ಆರಾರು ಹಾಕಿದರೆ ಮುಗಿಯಿತು, ಎರಡು ಕಾಳು ಮಿಕ್ಕುತ್ತವೆ. 40 ಭಾಗ ಓಟಿಗೆ 60 ಭಾಗ ಸೀಟು. ವೇಗದ ಹುಡುಗರಿಗೆ ನಾಲ್ಕು ನಿಮಿಷ ಸಾಕು.

2025ರ ಆಗಸ್ಟಿನಲ್ಲಿ ಟೆಕ್ಸಸ್‌ನಲ್ಲೇ ಇದು ನಡೆಯಿತು. ಕ್ಷೇತ್ರಗಳ ಹೊಸ ನಕ್ಷೆಯ ಮೇಲೆ ಓಟು ನಡೆಯಬಾರದು ಅಂತ ಐವತ್ತಕ್ಕೂ ಜಾಸ್ತಿ ಡೆಮಾಕ್ರಟಿಕ್ ಶಾಸಕರು ರಾಜ್ಯ ಬಿಟ್ಟು ಹೋದರು. ರಾಜ್ಯದ ಕೆಳಮನೆಯಲ್ಲಿ 150ರಲ್ಲಿ 100 ಜನ ಇಲ್ಲದಿದ್ದರೆ ಕೋರಂ ಇಲ್ಲ, ಸಭೆ ನಡೆಸುವ ಹಾಗಿಲ್ಲ. ನಾನು 2019ರ ಕರ್ನಾಟಕದ ಕಥೆ ಹೇಳಿದೆ. ರಾಜೀನಾಮೆ ಕೊಟ್ಟ ಶಾಸಕರು ಮುಂಬೈ ಹೋಟೆಲಿನಲ್ಲಿ ಕೂತದ್ದು, ಸರ್ಕಾರ ಬಿದ್ದದ್ದು. ನಮ್ಮವರು ಸರ್ಕಾರ ಬೀಳಿಸಲು ಹೋದರು, ಇವರು ಓಟು ತಡೆಯಲು ಹೋದರು. ವ್ಯತ್ಯಾಸ ಏನು ಅಂತ ಎರಡು ಪುಟ ಬರೆಸಿದೆ. ಚೆನ್ನಾಗಿ ಬರೆದರು. ಟೆಕ್ಸಸ್‌ನವರು ಎರಡು ವಾರದಲ್ಲಿ ವಾಪಸ್ ಬಂದರು, ನಕ್ಷೆಯೂ ಪಾಸಾಯಿತು. ತಡೆಗೂ ಒಂದು ಆಯಸ್ಸು ಇರುತ್ತದೆ ಅಂತ ಅವರಾಗಿಯೇ ಬರೆದಿದ್ದರು.

ಸೆಮಿಸ್ಟರ್ ಮಧ್ಯದಲ್ಲಿ ಹುಮ್ಮಸ್ಸು ಇಳಿದಾಗ ಗ್ರೆಗರಿ ವಾಟ್ಸನ್ ಕಥೆ ಹೇಳುತ್ತೇನೆ. 1982ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಸಂಸದರ ಸಂಬಳದ ಬಗ್ಗೆ 1789ರಲ್ಲಿ ಮಂಡಿಸಿದ ಸಂವಿಧಾನ ತಿದ್ದುಪಡಿ ಇನ್ನೂ ಜೀವಂತ ಇದೆ, ಸಾಕಷ್ಟು ರಾಜ್ಯಗಳು ಒಪ್ಪಿದರೆ ಜಾರಿಯಾಗುತ್ತದೆ ಅಂತ ಪ್ರಬಂಧ ಬರೆದ. ಸಿ ಗ್ರೇಡ್ ಸಿಕ್ಕಿತು. ಹಟ ಹಿಡಿದು ರಾಜ್ಯಗಳ ಶಾಸಕರಿಗೆ ಪತ್ರ ಬರೆಯುತ್ತಾ ಹೋದ. 1992ರಲ್ಲಿ ಅದು 27ನೇ ತಿದ್ದುಪಡಿಯಾಯಿತು. 2017ರಲ್ಲಿ ಅವನ ಗ್ರೇಡ್ ಎ ಆಯಿತು. ಈ ಕಥೆಯಾದ ಮೇಲೆ ಗ್ರೇಡ್ ಬಗ್ಗೆ ನನ್ನ ಹತ್ತಿರ ವಾದಕ್ಕೆ ಬರುವವರೂ ಜಾಸ್ತಿಯಾಗಿದ್ದಾರೆ. ಬರಲಿ.

ಈಗ ಫಲಿತಾಂಶ. ಮೊದಲು ಕಾಮನ್ ಪರೀಕ್ಷೆಯಲ್ಲಿ ಮೂವತ್ತರಲ್ಲಿ ಹತ್ತೊಂಬತ್ತು ಇಪ್ಪತ್ತು ಜನ ಪಾಸಾಗುತ್ತಿದ್ದರು. ಕಳೆದ ನಾಲ್ಕು ಸೆಮಿಸ್ಟರ್‌ಗಳಿಂದ ಇಪ್ಪತ್ತೈದಕ್ಕಿಂತ ಕೆಳಗೆ ಇಳಿದಿಲ್ಲ. ಮಧ್ಯದಲ್ಲಿ ಕೋರ್ಸು ಬಿಡುವವರು ಆರೇಳು ಇದ್ದದ್ದು ಒಂದೆರಡಕ್ಕೆ ಬಂದಿದೆ. ಆಟ ಅಂದಿದ್ದ ಹಿರಿಯರು ಈ ವರ್ಷ ನನ್ನ ನಿಯಮಗಳ ಹಾಳೆ ಕೇಳಿ ಪಡೆದರು. ಖರ್ಚು ಸೆಮಿಸ್ಟರ್‌ಗೆ 15 ಡಾಲರ್ ದಾಟುವುದಿಲ್ಲ, ಕಾಳು, ಜೆರಾಕ್ಸ್ ಸೇರಿ.

ಯಾರನ್ನು ಯಾವ ಮೇಜಿಗೆ ಹಾಕುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಂಟನೇ ವಾರ ಕ್ಲಾಸಿನಲ್ಲಿ ನ್ಯಾಯಾಧೀಶರಾಗುವವರಿಗೆ ಕೊಡುವ ಲಕೋಟೆಯಲ್ಲಿ ಏನಿರುತ್ತದೆ ಅನ್ನುವುದನ್ನೂ ಅಷ್ಟೇ. ಆ ಎರಡನ್ನು ಸರಿಮಾಡಿಕೊಳ್ಳಲು ನನಗೆ ಮೂರು ವರ್ಷ ಹಿಡಿಯಿತು.

ಈ ಸಲದ ಮಸೂದೆ ಈಗ ಸೆನೆಟ್‌ನಲ್ಲಿದೆ. ಗುರುವಾರ ಸಣ್ಣ ಮೇಜಿನ ಹುಡುಗಿಯೊಬ್ಬಳು ಕ್ಲಾಸು ಮುಗಿದ ಮೇಲೆ ಹತ್ತಿರ ಬಂದಳು. "ಪ್ರೊಫೆಸರ್, ಸಣ್ಣ ಮೇಜುಗಳ ನಾವು ಆರು ಸೆನೆಟರ್‌ಗಳು ಮಂಗಳವಾರ ಬರದೇ ಇದ್ದರೆ ಕೋರಂ ಇರುತ್ತಾ?" ಅಂದಳು. ನಿಯಮಗಳ ಹಾಳೆ ನಿನ್ನ ಹತ್ತಿರಾನೇ ಇದೆಯಲ್ಲ, ಓದಿ ನೋಡು ಅಂದೆ. ಬಾಗಿಲಿಗೆ ಒರಗಿ, ಬೆರಳಿಟ್ಟುಕೊಂಡು ಅಲ್ಲೇ ಓದತೊಡಗಿದಳು.