ಮೆಲಿಸ್ಸಾ: ಕುದಿಸುವ ಸೊಪ್ಪಲ್ಲ

ಕಷಾಯ ಎಂದರೆ ಕುದಿದು ಕುದಿದು ಅರ್ಧಕ್ಕೆ ಇಳಿಯಬೇಕು ಎನ್ನುವ ಮನೆಯಲ್ಲಿ ಬೆಳೆದವಳು ನಾನು. ಪುದೀನದ ಕುಟುಂಬದ ಲೆಮನ್ ಬಾಮ್ ಎಂಬ ಸೊಪ್ಪಿಗೆ ಆ ಪದ್ಧತಿ ಒಗ್ಗುವುದಿಲ್ಲ. ಅದಕ್ಕೆ ನಿಂಬೆಯ ಪರಿಮಳ ಕೊಡುವ ಸಿಟ್ರಾಲ್, ಸಿಟ್ರೊನೆಲ್ಲಾಲ್ ಆವಿಯ ಜೊತೆ ಹಾರಿಹೋಗುವಂಥವು. ಕುದಿಸಿದರೆ ಅಡುಗೆಮನೆಯೆಲ್ಲ ಘಮಘಮ, ಲೋಟದಲ್ಲಿ ಮಾತ್ರ ಹುಲ್ಲು ನೆನೆಸಿದ ನೀರು.

ಜರ್ಮನಿಯ ಕೊಲೋನ್‌ನಲ್ಲಿ, ನಮ್ಮ ಬಾಲ್ಕನಿಯ ಕುಂಡದಲ್ಲಿ ಇದು ಬೆಳೆಯುತ್ತದೆ. ಇಲ್ಲಿಯವರು ಮೆಲಿಸ್ಸಾ ಎನ್ನುತ್ತಾರೆ. ಎಳೆ ಎಲೆ ಒಂದು ಹಿಡಿ ಕೊಯ್ದು, ಕೈಯಲ್ಲೇ ಹರಿದು ಲೋಟಕ್ಕೆ ಹಾಕಿ, ಒಲೆಯಿಂದ ಇಳಿಸಿದ ಬಿಸಿನೀರು ಸುರಿದು ತಟ್ಟೆ ಮುಚ್ಚಿಬಿಡುತ್ತೇನೆ. ಹತ್ತು ನಿಮಿಷ ಸಾಕು. ತಟ್ಟೆಗೆ ಅಂಟಿದ ಹನಿಯನ್ನೂ ಲೋಟಕ್ಕೇ ಕೊಡವುತ್ತೇನೆ, ಘಮ ಇರುವುದೇ ಅದರಲ್ಲಿ. ಒಣ ಎಲೆಯಾದರೆ ಯುರೋಪಿನ ಔಷಧ ಸಂಸ್ಥೆ ಹೇಳುವ ಅಳತೆ 150 ಮಿಲಿ ನೀರಿಗೆ 1.5ರಿಂದ 4.5 ಗ್ರಾಂ, ದಿನಕ್ಕೆ ಒಂದರಿಂದ ಮೂರು ಸಲ. ಸಣ್ಣಪುಟ್ಟ ಮನಸ್ಸಿನ ಒತ್ತಡ, ನಿದ್ದೆ, ಹೊಟ್ಟೆಯುಬ್ಬರಕ್ಕೆ ಎಂದು ಅವರು ಒಪ್ಪಿರುವುದು ಬಹುಕಾಲದ ಬಳಕೆಯ ಆಧಾರದ ಮೇಲೆ.

ನನಗಂತೂ ಹೊಟ್ಟೆಯುಬ್ಬರಕ್ಕೇ ಹೆಚ್ಚು ಗುಣ ಕಂಡಿದೆ. ನಿದ್ದೆಯ ವಿಷಯದಲ್ಲಿ ಮಾತ್ರೆಯ ಹಾಗೆ ಕೆಡವುವ ಶಕ್ತಿ ಇದಕ್ಕಿಲ್ಲ. ತಲೆಯೊಳಗಿನ ಗದ್ದಲ ಸ್ವಲ್ಪ ತಗ್ಗುತ್ತದೆ, ಅಷ್ಟೆ. ನಿದ್ದೆಗೋ ಥೈರಾಯ್ಡ್‌ಗೋ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ರೂಢಿ ಮಾಡಿಕೊಳ್ಳಬಾರದು.

ಈ ಊರಿನ ಹಿರಿಯರಿಗೆ ಮೆಲಿಸ್ಸಾ ಎಂದರೆ ಬೇರೆಯದೇ ನೆನಪು: ಕ್ಲೋಸ್ಟರ್‌ಫ್ರಾವ್ ಮೆಲಿಸ್ಸೆನ್‌ಗೈಸ್ಟ್. ಮಾರಿಯಾ ಕ್ಲೆಮೆಂಟಿನೆ ಮಾರ್ಟಿನ್ ಎಂಬ ಕ್ರೈಸ್ತ ಸನ್ಯಾಸಿನಿ 1826ರಲ್ಲಿ ಕೊಲೋನ್‌ನಲ್ಲೇ ಶುರುಮಾಡಿದ ಔಷಧ ಅದು. ಈಗಲೂ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ಆಲ್ಕೋಹಾಲ್ 79 ಶೇಕಡಾ! ಕುಡಿದವರಿಗೆ ಹಾಯೆನಿಸುವುದು ಎಲೆಯಿಂದಲೋ ಇನ್ನೊಂದರಿಂದಲೋ, ಹೇಳುವುದು ಕಷ್ಟ.

ನಮ್ಮನೆಯಲ್ಲಿ ಇದು ತಂಬುಳಿಗೂ ಹೋಗುತ್ತದೆ. ದೊಡ್ಡಪತ್ರೆ, ಪುದೀನ, ತುಳಸಿಯ ಕುಟುಂಬದ್ದೇ ತಾನೆ. ದೊಡ್ಡಪತ್ರೆಯಾದರೆ ತುಪ್ಪದಲ್ಲಿ ಬಾಡಿಸುತ್ತೇವೆ, ಇದನ್ನು ಹಸಿಯಾಗಿಯೇ ರುಬ್ಬಬೇಕು. ಜೀರಿಗೆ, ನಾಲ್ಕು ಕಾಳುಮೆಣಸನ್ನು ಮಾತ್ರ ತುಪ್ಪದಲ್ಲಿ ಹುರಿದು, ಆರಿದ ಮೇಲೆ ಕಾಯಿತುರಿ ಮತ್ತು ಎಲೆಯ ಜೊತೆ ರುಬ್ಬಿ ಮಜ್ಜಿಗೆಗೆ ಸೇರಿಸುತ್ತೇನೆ. ತುರಿದು ಹೆಪ್ಪುಗಟ್ಟಿಸಿದ ಕಾಯಿ ಶ್ರೀಲಂಕಾ ತಮಿಳರ ಅಂಗಡಿಯಲ್ಲಿ ಸಿಗುತ್ತದೆ. ಒಗ್ಗರಣೆಯೂ ಪೂರ್ತಿ ಆರಿದ ಮೇಲೇ ಬೀಳಬೇಕು.

ಗಿಡಕ್ಕೆ ಆರೈಕೆ ಬೇಕಿಲ್ಲ. ಚಳಿಗಾಲದಲ್ಲಿ ನೆಲದ ಮಟ್ಟಕ್ಕೆ ಒಣಗಿ, ವಸಂತದಲ್ಲಿ ಬುಡದಿಂದ ತಾನೇ ಚಿಗುರುತ್ತದೆ. ಹೂ ಬಿಟ್ಟ ಮೇಲೆ ಎಲೆಯ ರುಚಿ ಕೆಡುತ್ತದೆ, ಬೀಜ ಉದುರಿದರೆ ಪಕ್ಕದ ಕುಂಡಗಳೂ ಅದರವೇ. ಹಾಗಾಗಿ ಮೊಗ್ಗು ಕಾಣುತ್ತಲೇ ಬುಡದ ಹತ್ತಿರಕ್ಕೆ ಕತ್ತರಿಸಿ ನೆರಳಲ್ಲಿ ಒಣಗಿಸುತ್ತೇನೆ. ಜೇನ್ನೊಣಗಳಿಗೆಂದು ಒಂದೆರಡು ಕಡ್ಡಿ ಉಳಿಸುತ್ತೇನೆ.