ಮಲೆನಾಡಿನ ಮಳೆಯಲ್ಲಿ ಮೊಳಕೆ ರಾಗಿ ಒಣಗಿಸಿದೆ: ನನ್ನ ಅನುಭವ

ಮೂಡಿಗೆರೆಯಲ್ಲಿ ಆಷಾಢದ ಮಳೆ ಹಿಡಿದ ಮೇಲೆ ಮೊಳಕೆ ರಾಗಿ ಹಿಟ್ಟು ಮಾಡ್ತೀನಿ ಅಂದಾಗ ಬೇಡ ಅಂದವರೇ ಜಾಸ್ತಿ. ಒಗೆದ ಸೀರೆಯೇ ಮೂರು ದಿನ ಹಗ್ಗದ ಮೇಲೆ ನೇತಾಡುತ್ತೆ, ಇನ್ನು ರಾಗಿ ಒಣಗುತ್ತಾ ಅಂತ ಅತ್ತೆ ಕೇಳಿದರು. ಕಡೂರಿನ ನಾದಿನಿಯ ಮನೆ ತಾರಸಿಯಲ್ಲಿ ಒಂದೇ ಬಿಸಿಲಿಗೆ ರಾಗಿ ಗರಗರ ಆಗುತ್ತದೆ. "ನಮ್ಮಿಂದಲೇ ತರಿಸಿಕೋ, ನಿನಗ್ಯಾಕೆ ಈ ಗೋಳು" ಅಂದಳು. ಒಂದೇ ಜಿಲ್ಲೆ, ಆದರೆ ಅವರದು ಬಯಲುಸೀಮೆ, ನಮ್ಮದು ಮಲೆನಾಡು. ಎರಡು ಮಳೆಗಾಲ ಸೋತೆ. ಮೂರನೆಯದರಲ್ಲಿ ಗೆದ್ದೆ. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ 10 ಕೆಜಿ ರಾಗಿ ಮೊಳಕೆ ಕಟ್ಟುತ್ತೇನೆ. ಒಂದು ಕಾಳೂ ಬೂಸ್ಟು ಹಿಡಿಯುವುದಿಲ್ಲ.

ನಾನು ಯೋಗ ಹೇಳಿಕೊಡುವವಳು. ಬೆಳಿಗ್ಗೆ ಐದೂಮುಕ್ಕಾಲಿಗೆ ಹೆಂಗಸರ ಬ್ಯಾಚು, ಇಪ್ಪತ್ತು ಇಪ್ಪತ್ತೆರಡು ಜನ. ನಾನು ಕಲಿತದ್ದು ಅಷ್ಟಾಂಗ ಯೋಗದ ಗುರು ಪಟ್ಟಾಭಿ ಜೋಯಿಸರ ಕ್ರಮ. ಅವರು ಹುಟ್ಟಿದ್ದು ಪಕ್ಕದ ಹಾಸನದ ಕೌಶಿಕದಲ್ಲಿ. ಹಾಗಾಗಿ ಅದು ನಮ್ಮ ಕಡೆಯದೇ ಅನ್ನುವ ಅಭಿಮಾನ ನನಗೆ. ಆ ಕ್ರಮ ಮಾಡುವವರಿಗೆ ಗೊತ್ತು, ಸೂರ್ಯನಮಸ್ಕಾರದ ಎರಡು ಬಗೆ, ಎ ಐದು ಸಲ, ಬಿ ಐದು ಸಲ ಮುಗಿಯುವಷ್ಟರಲ್ಲಿ ಎಂಥ ಚಳಿಯಲ್ಲೂ ಬೆವರು. ಹೊಟ್ಟೆ ಖಾಲಿ ಇರಲೇಬೇಕು, ಮುಗಿದ ಮೇಲೆ ಹಸಿವು ತಡೆಯಲ್ಲ. ನಮ್ಮವರು ಮನೆಗೆ ಹೋಗಿ, ಮಕ್ಕಳ ಡಬ್ಬಿ ಕಟ್ಟಿ, ತೋಟದ ಕೆಲಸ ನೋಡಿ, ತಾವು ತಿನ್ನುವಾಗ ಹತ್ತು ಗಂಟೆ. ಅಲ್ಲಿಯವರೆಗೆ ಎರಡು ಲೋಟ ಕಾಫಿ, ಬೇಕರಿ ಬನ್ನು. ಬೆಳಿಗ್ಗೆ ಅಷ್ಟು ಶ್ರದ್ಧೆಯಿಂದ ಮಾಡಿ ಆಮೇಲೆ ಹೀಗೆ ತಿಂದರೆ ಏನು ಬಂತು ಅಂತ ನನಗೆ ಸಂಕಟ. ಶವಾಸನ ಮುಗಿದು ಹದಿನೈದು ನಿಮಿಷಕ್ಕೆ ಎಲ್ಲರಿಗೂ ಒಂದು ಲೋಟ ಮೊಳಕೆ ರಾಗಿ ಗಂಜಿ ಕೊಡೋಣ ಅಂತ 2023ರಲ್ಲಿ ಶುರು ಮಾಡಿದೆ. ಸಿರಿಧಾನ್ಯದ ವರ್ಷ ಅಂತ ಆಗ ಎಲ್ಲರ ಬಾಯಲ್ಲೂ ಅದೇ ಮಾತು ಇತ್ತಲ್ವಾ.

ಬರೀ ರಾಗಿ ಹಿಟ್ಟು ಯಾಕೆ ಸಾಲದು ಅಂದರೆ, ಅದರ ಗಂಜಿ ಎರಡು ಚಮಚಕ್ಕೇ ಗಟ್ಟಿ. ಮೊಳಕೆಯ ಹಿಟ್ಟಾದರೆ ಹೆಚ್ಚು ಹಾಕಿದರೂ ಕುಡಿಯುವ ಹಾಗೇ ಇರುತ್ತದೆ. ಹೊಟ್ಟೆಗೆ ಭಾರ ಅನ್ನಿಸುವುದಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಹೇಳುವ ಉಪಾಯ. ಮಾರ್ಚ್ ಬಿಸಿಲಲ್ಲಿ 15 ಕೆಜಿ ಮಾಡಿ ಡಬ್ಬಿಯಲ್ಲಿ ತುಂಬಿಟ್ಟೆ. ಜುಲೈಗೆ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ, ಹುಳ. ಅಷ್ಟೂ ಗೊಬ್ಬರದ ಗುಂಡಿಗೆ. ಸರಿ, ಮಳೆಯಲ್ಲೇ ಮಾಡಬೇಕು ಅಂತ ಹಟ ಬಂತು. ಚಳಿ ಇದೆ, ನಿಧಾನ ನೆನೆಯುತ್ತೆ ಅಂತ ಒಂದು ಹಗಲು ಒಂದು ರಾತ್ರಿ ನೆನೆಹಾಕಿದೆ. ಹುಳಿ ವಾಸನೆ ಬಂತು, ಅರ್ಧ ಕಾಳು ಮೊಳೆಯಲೇ ಇಲ್ಲ. ಮುಂದಿನ ಸಲ ಹತ್ತು ಗಂಟೆ ನೆನೆಸಿ, ನಡುವೆ ಎರಡು ಸಲ ನೀರು ಬದಲಿಸಿ, 8 ಕೆಜಿಯನ್ನೂ ಒಂದೇ ಬಟ್ಟೆಯಲ್ಲಿ ಗಂಟು ಕಟ್ಟಿದೆ. ಬಿಚ್ಚಿದರೆ ಹೊರಗೆ ಚೆಂದದ ಬಿಳಿ ಮೊಳಕೆ, ಗಂಟಿನ ನಡುವೆ ಕೈ ಸುಡುವಷ್ಟು ಬಿಸಿ, ಅಂಟು ಅಂಟು. ಮೇಲಿನದಾದರೂ ಉಳಿಸೋಣ ಅಂತ ಆಸೆ ಆಯಿತು. ಉಳಿಸಲಿಲ್ಲ. ಬೂಸ್ಟು ಕಂಡ ರಾಗಿಯನ್ನು ದನಕ್ಕೂ ಹಾಕಬಾರದು ಅನ್ನುವುದು ನನ್ನ ನಿಯಮ. ಈಗ ಎರಡು ಕೆಜಿಗಿಂತ ದೊಡ್ಡ ಗಂಟು ಕಟ್ಟುವುದಿಲ್ಲ, ಆರು ಗಂಟೆಗೊಮ್ಮೆ ಬಿಚ್ಚಿ ಕೈಯಾಡಿಸುತ್ತೇನೆ.

ಕಷ್ಟ ಇರುವುದು ಮೊಳಕೆಯಲ್ಲಿ ಅಲ್ಲ, ಒಣಗಿಸುವುದರಲ್ಲಿ. ಮಲೆನಾಡಿನ ಮನೆ ಅಂದ ಮೇಲೆ ಬಚ್ಚಲೊಲೆ ಮೇಲೆ ಅಟ್ಟ ಇದ್ದೇ ಇರುತ್ತದೆ. ಅಲ್ಲೇ ಹರವಿದೆ. ಒಣಗಿತು, ಆದರೆ ಹಿಟ್ಟೆಲ್ಲ ಹೊಗೆ. ಗಂಜಿ ಕುಡಿದವರು ಮುಖ ಕಿವುಚಿದರು. ಆಮೇಲೆ ಪರಿಚಯದವರ ಏಲಕ್ಕಿ ಡ್ರೈಯರ್ ಖಾಲಿ ಇತ್ತು, ಬೇಡಿ ತಗೊಂಡೆ. ರಾಗಿ ಚೆನ್ನಾಗಿ ಒಣಗಿತು, ಜೊತೆಗೆ ಏಲಕ್ಕಿ ಘಮವನ್ನೂ ಹೀರಿತು. ಸಿಹಿ ಗಂಜಿಗೆ ಅದು ಬಲು ಸೊಗಸು. ಮಜ್ಜಿಗೆ, ಉಪ್ಪು ಹಾಕಿ ಕುಡಿಯುವವರಿಗೆ ಆಗಲಿಲ್ಲ. ಎರಡನೇ ಮಳೆಗಾಲಕ್ಕೆ ಕರೆಂಟಿನ ಡ್ರೈಯರ್ ತಂದೆ, ಹನ್ನೊಂದೂವರೆ ಸಾವಿರ. ಗಾಳಿ ಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಇಲ್ಲ. ಒಳಗಿದ್ದ ಐದು ಕೆಜಿ ಹಾಳು. ಮುಂದಿನ ವಾರವೂ ಅದೇ ಕಥೆ. ಈಗ ಅದರಲ್ಲಿ ಚಳಿಗಾಲಕ್ಕೆ ಬಾಳೆಕಾಯಿ ಹೋಳು ಒಣಗಿಸುತ್ತೇನೆ. ಮನೆಯವರು ಆ ಹಣದ ಲೆಕ್ಕ ಇವತ್ತಿಗೂ ಮರೆತಿಲ್ಲ.

ದಾರಿ ಸಿಕ್ಕಿದ್ದು ಬಟ್ಟೆ ಒಗೆಯುವಾಗ. ನಮ್ಮದು ಎರಡು ತೊಟ್ಟಿಯ ಹಳೇ ವಾಷಿಂಗ್ ಮೆಷಿನ್. ಹಿಂಡುವ ತೊಟ್ಟಿಯಿಂದ ತೆಗೆದ ಸೀರೆ ಅರ್ಧ ಒಣಗಿಯೇ ಬರುತ್ತೆ, ರಾಗಿ ಯಾಕೆ ಬರಬಾರದು? ತೊಟ್ಟಿಯನ್ನು ಬಿಸಿನೀರಲ್ಲಿ ತಿಕ್ಕಿ ತೊಳೆದು, ಮೊಳಕೆ ರಾಗಿಯನ್ನು ದಪ್ಪ ಹತ್ತಿ ಚೀಲದಲ್ಲಿ ಒಂದೂವರೆ ಕೆಜಿಯಂತೆ ಕಟ್ಟಿ, ಎರಡು ಚೀಲ ಎದುರು ಬದುರು ಇಟ್ಟು ತಿರುಗಿಸಿದೆ. ಎರಡು ನಿಮಿಷ ಸಾಕು. ಕೊಳವೆಯಲ್ಲಿ ನೀರು ಸುರಿದದ್ದು ನೋಡಿ ಅತ್ತೆಯೇ ಬಂದು ನಿಂತರು. ಕೈಯಲ್ಲಿ ಹಿಡಿದರೆ ಉದುರುದುರು. ಈಗ ಆ ಮೆಷಿನ್ನಿನ ಹಿಂಡುವ ತೊಟ್ಟಿ ರಾಗಿಗೇ ಮೀಸಲು, ಬಟ್ಟೆ ಹಾಕುವ ಹಾಗಿಲ್ಲ.

ಆಮೇಲೆ ಅಟ್ಟ. ಒಲೆಗೂ ಅಟ್ಟಕ್ಕೂ ನಡುವೆ ಹಳೇ ಜಿಂಕ್ ಶೀಟು ಓರೆಯಾಗಿ ಕಟ್ಟಿದೆ. ಹೊಗೆ ಆಚೆ ಕಿಂಡಿಗೆ ಹೋಗುತ್ತೆ, ಕಾವು ಮಾತ್ರ ಮೇಲೆ ಬರುತ್ತೆ. ಮರದ ಚೌಕಟ್ಟಿಗೆ ಸೊಳ್ಳೆ ಜಾಲರಿ ಬಿಗಿದ ತಟ್ಟೆಗಳು ಆರು. ರಾಗಿ ಎರಡು ಕಾಳಿಗಿಂತ ದಪ್ಪ ಇರಬಾರದು. ಇನ್ವರ್ಟರಿಗೆ ಒಂದು ಚಿಕ್ಕ ಫ್ಯಾನು. ಮಳೆಗಾಲದಲ್ಲಿ ಹಂಡೆ ಒಲೆ ಹೇಗೂ ಬೆಳಿಗ್ಗೆ ಸಂಜೆ ಉರಿಯುತ್ತದೆ, ಸೌದೆಗೆ ಬೇರೆ ಖರ್ಚಿಲ್ಲ. ಹದಿನಾರು, ಹದಿನೆಂಟು ಗಂಟೆಗೆ ಒಣಗುತ್ತದೆ. ಕಚ್ಚಿ ನೋಡುತ್ತೇನೆ, ಹಲ್ಲಿಗೆ ಕಟ್ ಅನ್ನಬೇಕು. ಅದೂ ಸಾಲದು, ತೂಕ ನೋಡುತ್ತೇನೆ. ಐದು ಕೆಜಿ ನೆನೆಹಾಕಿದ್ದು ಐದಕ್ಕಿಂತ ಕಮ್ಮಿ ಆಗುವವರೆಗೆ ಕೆಳಗೆ ಇಳಿಸುವುದಿಲ್ಲ. ಆಮೇಲೆ ಗೋಣಿ ಮೇಲೆ ಉಜ್ಜಿ, ಮೊಳಕೆ ಉದುರಿಸಿ, ಮೊರದಲ್ಲಿ ಕೇರಿ, ಸಣ್ಣ ಉರಿಯಲ್ಲಿ ಹುರಿಯುವುದು. ಉರಿ ಜೋರಾದರೆ ಘಮ ಬರುತ್ತೆ, ಆದರೆ ಗಂಜಿ ಮತ್ತೆ ಗಟ್ಟಿಯಾಗುತ್ತೆ. ಇದನ್ನು ತಿಳಿಯೋಕೆ ನನಗೆ ನಾಲ್ಕು ಸಲ ಬೇಕಾಯಿತು. ಹುರಿಯುವಾಗ ಯಾವ ವಾಸನೆಗೆ ನಿಲ್ಲಿಸಬೇಕು, ನೆನೆಸುವಾಗ ಕೊನೆಯ ನೀರಿಗೆ ನಾನು ಏನು ಹಾಕುತ್ತೇನೆ, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ಕಳೆದುಕೊಂಡು ಕಲಿತದ್ದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಬೇರೆ ಕಾಳುಗಳನ್ನೂ ನೋಡಿದೆ. ಅಂಗಡಿಯ ನವಣೆ ಅಕ್ಕಿ ಮೂರು ದಿನ ಕಟ್ಟಿಟ್ಟರೂ ಮೊಳೆಯಲಿಲ್ಲ. ಸಿಪ್ಪೆ ತೆಗೆದದ್ದು ಮೊಳೆಯಲ್ಲ ಅಂತ ಆಮೇಲೆ ಹೊಳೆಯಿತು. ಸಿಪ್ಪೆಯ ನವಣೆ ಕಡೂರಿನಿಂದ ತರಿಸಿದೆ, ಮೊಳೆಯಿತು, ಆದರೆ ಮನೆಯಲ್ಲಿ ಸಿಪ್ಪೆ ಬಿಡಿಸುವುದು ಯಾರಿಗೂ ಬೇಡ. ಹುರುಳಿ ಹತ್ತಕ್ಕೆ ಒಂದು ಪಾಲು ಸೇರಿಸಿದ್ದು ಚೆನ್ನಾಯಿತು, ಮಂಡಿ ಚಳಿ ಹಿಡಿಯುವ ದಿನಗಳಲ್ಲಿ ಬ್ಯಾಚಿನವರು ಅದನ್ನೇ ಕೇಳುತ್ತಾರೆ. ಒಬ್ಬರು ಈ ಹಿಟ್ಟಲ್ಲಿ ಮುದ್ದೆ ಕಟ್ಟಲು ಹೋಗಿ, ಕೋಲಿಗೇ ಅಂಟಿತು ಅಂತ ಬೇಜಾರು ಮಾಡಿಕೊಂಡರು. ಮೊಳಕೆ ಹಿಟ್ಟಿಗೆ ಮುದ್ದೆಯ ಬಿಗಿ ಇರುವುದಿಲ್ಲ. ಮುದ್ದೆಗೆ ಬರೀ ರಾಗಿಯೇ ಆಗಬೇಕು.

ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ರಾಗಿ ಕೆಜಿಗೆ 45 ರೂಪಾಯಿಗೆ ಬೀಳುತ್ತದೆ, ಕಡೂರಿನಿಂದ ಬಸ್ಸಲ್ಲಿ ಬರುತ್ತದೆ. ಅದೇ ವರ್ಷದ ರಾಗಿ ಬೇಕು, ಹಳೆಯದು ಅರ್ಧಂಬರ್ಧ ಮೊಳೆಯುತ್ತದೆ. 10 ಕೆಜಿಗೆ ಎಂಟು ಕೆಜಿ ಹಿಟ್ಟು ಸಿಗುತ್ತದೆ. ಗಿರಣಿ, ಪೊಟ್ಟಣ, ಸಾಗಾಟ ಎಲ್ಲ ಸೇರಿ ಕೆಜಿಗೆ 80, 85 ರೂಪಾಯಿ ಖರ್ಚು. ಗಿರಣಿಯಲ್ಲಿ ಒಮ್ಮೆ ಮೆಣಸಿನಪುಡಿ ಮಾಡಿದ ಮೇಲೆ ನನ್ನದನ್ನು ಹಾಕಿಬಿಟ್ಟರು, ನಾಲ್ಕು ಕೆಜಿ ಹೋಯಿತು. ಈಗ ಬೆಳಿಗ್ಗೆ ಮೊದಲನೆಯವಳಾಗಿ ಹೋಗಿ ನಿಲ್ಲುತ್ತೇನೆ. ಗಂಜಿಗೆ ವಾರಕ್ಕೆ ಮೂರೂವರೆ ಕೆಜಿ ಹೋಗುತ್ತದೆ, ಉಳಿದದ್ದು 220 ರೂಪಾಯಿಗೆ ಬ್ಯಾಚಿನವರೇ ಕೊಳ್ಳುತ್ತಾರೆ. ಮಾರಾಟ ಅಂದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದೆ, ಆಗ ಸಣ್ಣ ವ್ಯಾಪಾರದವರಿಗೆ ವರ್ಷಕ್ಕೆ 100 ರೂಪಾಯಿ ಇತ್ತು. ಗಂಜಿಗೆ ಅಂತ ಫೀಸು ತಿಂಗಳಿಗೆ 100 ಏರಿಸಿದೆ, ಯಾರೂ ಎದುರು ಮಾತಾಡಲಿಲ್ಲ. ಬೆಲ್ಲದ ಖರ್ಚು ಕಳೆದು ತಿಂಗಳಿಗೆ ಮೂರು ಸಾವಿರದ ಹತ್ತಿರ ಉಳಿಯುತ್ತದೆ. ಹಿಂದೆ ಹಾಳಾದದ್ದು, ಡ್ರೈಯರ್ ಎಲ್ಲ ಸೇರಿ ಹದಿನೆಂಟು ಸಾವಿರ ಇತ್ತು, ಅದು ಇನ್ನೂ ಪೂರ್ತಿ ತೀರಿಲ್ಲ.

ನನಗೆ ಇದಕ್ಕಿಂತ ದೊಡ್ಡ ಲೆಕ್ಕ ಹಾಜರಿಯದ್ದು. ಮೊದಲೆಲ್ಲ ಮಳೆ ಜೋರಾದರೆ ಬ್ಯಾಚಿಗೆ ಒಂಬತ್ತು ಹತ್ತು ಜನ ಬಂದರೆ ಹೆಚ್ಚು. ಗಂಜಿ ಸರಿಯಾಗಿ ಸಿಗುವ ಹಾಗಾದ ಮಳೆಗಾಲದಲ್ಲಿ ಹದಿನೇಳಕ್ಕಿಂತ ಇಳಿದೇ ಇಲ್ಲ. ಆ ಬನ್ನು ಈಗ ಬಹಳ ಜನ ಬಿಟ್ಟಿದ್ದಾರೆ. ಒಂಬತ್ತು ಗಂಟೆಗೆ ಕೈಕಾಲು ನಡುಗುತ್ತಿತ್ತು, ಈಗ ಇಲ್ಲ ಅಂತ ಇಬ್ಬರು ಹೇಳಿದರು. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಹಾಕುವುದಿಲ್ಲ, ಮಜ್ಜಿಗೆಯಲ್ಲಿ ಅರ್ಧ ಲೋಟ ಕೊಡುತ್ತೇನೆ. ಅದೂ ಡಾಕ್ಟರನ್ನು ಕೇಳಿ ಬನ್ನಿ ಅಂತ ಹೇಳಿಯೇ.

ಪೊಟ್ಟಣದ ಮೇಲೆ ಒಣಗಿಸಿದ ತಾರೀಕು ಕೈಯಲ್ಲೇ ಬರೆಯುತ್ತೇನೆ. ಮಳೆಗಾಲದಲ್ಲಿ ಒಂದೂವರೆ ತಿಂಗಳು ದಾಟಿದ ಹಿಟ್ಟು ಯಾರ ಮನೆಯಲ್ಲಿದ್ದರೂ ವಾಪಸ್ ತನ್ನಿ, ಹೊಸದು ಕೊಡ್ತೀನಿ ಅಂತ ಹೇಳಿದ್ದೇನೆ. ಇಲ್ಲಿಯವರೆಗೆ ಎರಡು ಪೊಟ್ಟಣ ಬಂದಿವೆ. ಒಂದಕ್ಕೆ ಹಸಿ ಚಮಚ ಹಾಕಿದ್ದರು. ಇನ್ನೊಂದು ಎರಡು ತಿಂಗಳಾದರೂ ಚೆನ್ನಾಗಿಯೇ ಇತ್ತು, ಅದರ ಗಂಜಿಯನ್ನು ಮನೆಯಲ್ಲಿ ನಾವೇ ಕುಡಿದೆವು.